ಕಲ್ಲು ಹೋದ ಮೇಲೆ ಉಳಿಯುವ ಕಾಗದ

ಶಾಸನ ಅಂದರೆ ಕಲ್ಲು ಅಂತಲೇ ನಾವು ತಿಳಿಯುತ್ತೇವೆ. ಆದರೆ ನಮ್ಮ ಓದು ನಡೆದದ್ದು ಬಹುಪಾಲು ಕಾಗದದ ಮೇಲೆ. 1865ರಲ್ಲಿ ಮೇಜರ್ ಡಿಕ್ಸನ್ ಮೈಸೂರು ಸೀಮೆಯ ಶಾಸನಗಳ ಫೋಟೋ ತೆಗೆದರು. ಮುಖ್ಯವಾಗಿ ಆ ಫೋಟೋಗಳನ್ನು ಓದಿಯೇ ಬಿ.ಎಲ್. ರೈಸ್ 1879ರಲ್ಲಿ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ಪ್ರಕಟಿಸಿದರು.

ನನ್ನಲ್ಲೂ ಒಂದು ಪಡಿಯಚ್ಚಿದೆ. ಕೆರೆ ಏರಿಯ ಮೇಲಿದ್ದ ವೀರಗಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು, ಮಸಿ ಒತ್ತಿ ತೆಗೆದದ್ದು. ಮುಂದೆ ಏರಿ ಅಗಲ ಮಾಡುವಾಗ ಕಲ್ಲು ಕಾಣೆಯಾಯಿತು. ಉಳಿದದ್ದು ಈ ಹಾಳೆಯೊಂದೇ. ಅದನ್ನೂ ನಾನೇ ಕೆಡಿಸಿದೆ. ನಾಲ್ಕಾಗಿ ಮಡಿಸಿ ದಿನಪತ್ರಿಕೆಯಲ್ಲಿ ಸುತ್ತಿಟ್ಟಿದ್ದೆ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಿದ್ದೆ. ಪತ್ರಿಕೆಯ ಆಮ್ಲ ಹತ್ತಿ ಹಾಳೆ ಕಂದಾಯಿತು, ಟೇಪಿನ ಅಂಟು ಅಕ್ಷರಕ್ಕಿಳಿಯಿತು. ಮಡಿಕೆ ಬಿದ್ದ ಮೂರನೆಯ ಸಾಲು ಮುರಿದು ಉದುರಿದೆ. ವೀರನ ಹೆಸರಿದ್ದದ್ದು ಆ ಸಾಲಿನಲ್ಲೇ.

ಹಾಗಾಗಿ ಅಚ್ಚು ತೆಗೆಯುವ ಗೆಳೆಯರಿಗೆ ಹೇಳುವುದಿಷ್ಟು. ಮಡಿಸಬೇಡಿ, ಚಪ್ಪಟೆಯಾಗಿಡಿ, ತೀರಾ ದೊಡ್ಡದಾದರೆ ದಪ್ಪ ಕೊಳವೆಗೆ ಸುತ್ತಿ. ನಡುವೆ ಆಮ್ಲರಹಿತ ಕಾಗದ ಹಾಕಿ. ಲ್ಯಾಮಿನೇಷನ್ ಬೇಡವೇ ಬೇಡ, ಒಮ್ಮೆ ಅಂಟಿದರೆ ಬಿಡಿಸಲಾಗದು. ಊರು, ಜಾಗ, ತಾರೀಖು ಹಿಂಬದಿಯ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆಯಿರಿ. ಫೋಟೋಗಳನ್ನು ಪಿವಿಸಿ ಆಲ್ಬಮ್‌ನಲ್ಲಿ ಇಡಬೇಡಿ. ಎರಡನ್ನೂ ಬಿಸಿಲಿನಿಂದ, ಮಳೆಗಾಲದಲ್ಲಿ ಥಂಡಿ ಹಿಡಿಯುವ ಗೋಡೆಯಿಂದ ದೂರವಿಡಿ. ಬೆಳ್ಳಿಮೀನು ಹುಳ ಬಂದಿದೆಯಾ ಅಂತ ಆಗಾಗ ತೆಗೆದು ನೋಡಿ. ಮನೆಗೆ ಬಂದ ದಿನವೇ ಸ್ಕ್ಯಾನ್ ಮಾಡಿಸಿ.

ನಾನು ಇದನ್ನೆಲ್ಲ ಕಲಿಯುವಷ್ಟರಲ್ಲಿ ಆ ವೀರ ಎರಡನೇ ಸಲ ಸತ್ತಿದ್ದ.