ನಡುನೋವಿನ ಚಿಕಿತ್ಸೆ: ಒಂದು ಪೂರ್ವವೃತ್ತಾಂತ

ಗೂನುಬೆನ್ನಿನ ರೋಗಿಯನ್ನು ಮೆತ್ತೆ ಹೊದಿಸಿದ ಏಣಿಗೆ ಪಟ್ಟಿಗಳಿಂದ ಬಿಗಿದು, ಆ ಏಣಿಯನ್ನು ಹಗ್ಗದಿಂದ ಗೋಪುರದ ತುದಿಗೋ ಮನೆಯ ಮಾಡಿನ ನೆತ್ತಿಗೋ ಸೇದಿ, ಅಲ್ಲಿಂದ ಥಟ್ಟನೆ ಕೆಳಕ್ಕೆ ಬಿಡುವ ಚಿಕಿತ್ಸೆಯೊಂದು ಪ್ರಾಚೀನ ಗ್ರೀಸ್ ದೇಶದಲ್ಲಿ ಬಳಕೆಯಲ್ಲಿದ್ದಿತು. ಹಿಪೊಕ್ರಾಟಿಸನ ಹೆಸರಿನಲ್ಲಿ ಬಂದಿರುವ ಕೀಲುಗಳ ಕುರಿತ ಗ್ರಂಥದಲ್ಲಿ ಇದರ ವಿವರಗಳೆಲ್ಲ ಇವೆ. ಯಾವ ರೋಗಿಯ ತಲೆ ಮೇಲಿರಬೇಕು, ಯಾವನದು ಕೆಳಗಿರಬೇಕೆಂಬುದನ್ನೂ ಗ್ರಂಥಕಾರನು ಬಿಟ್ಟಿಲ್ಲ. ಆದರೆ ಇಷ್ಟೆಲ್ಲವನ್ನು ಸಾಂಗವಾಗಿ ನಿರೂಪಿಸಿದ ಆತನೇ, ಇದು ನೆರೆದ ಜನರನ್ನು ಬೆರಗುಗೊಳಿಸಬಯಸುವ ವೈದ್ಯರ ಆಟವೆಂದೂ, ರೋಗಿಗೆ ಆಮೇಲೆ ಏನಾಯಿತೆಂದು ಆ ಜನರು ವಿಚಾರಿಸುವುದಿಲ್ಲವೆಂದೂ, ತನಗಂತೂ ಇದನ್ನು ಮಾಡಲು ನಾಚಿಕೆಯೆಂದೂ ಹೇಳಿಕೊಂಡಿರುವನು. ಆತನು ಮೆಚ್ಚಿದ್ದು ಮರದ ಹಲಗೆಯನ್ನು: ರೋಗಿಯನ್ನು ಕವುಚಿ ಮಲಗಿಸಿ, ಮೇಲಿನಿಂದಲೂ ಕೆಳಗಿನಿಂದಲೂ ಪಟ್ಟಿ ಕಟ್ಟಿ ಎಳೆಯಿಸಿ, ಬೆನ್ನಿನ ಮೇಲೆ ಅಂಗೈಯಿಂದ ಒತ್ತುವುದು. ಗೂನಿಗೆಂದು ಹುಟ್ಟಿದ ಈ ಎಳೆತವು ವೈದ್ಯ ಇಬ್ನ್ ಸೀನಾನ ಕಾಲವನ್ನು ದಾಟಿ, 1465ರಲ್ಲಿ ಅನಾತೋಲಿಯದ ಅಮಾಸ್ಯದಲ್ಲಿ ಶರಫುದ್ದೀನನು ರಚಿಸಿದ ಸಚಿತ್ರ ಶಸ್ತ್ರವೈದ್ಯ ಗ್ರಂಥದಲ್ಲಿಯೂ ಸ್ಥಾನ ಪಡೆದು, ಇಂದಿನ ಆಸ್ಪತ್ರೆಗಳ ಟ್ರ್ಯಾಕ್ಷನ್ ಮಂಚದವರೆಗೆ ಬಾಳಿಕೊಂಡು ಬಂದಿದೆ.

ನಮ್ಮ ದೇಶದ ವೈದ್ಯರು ಎಳೆತಕ್ಕಿಂತ ಸ್ನೇಹ-ಸ್ವೇದಗಳನ್ನು, ಎಂದರೆ ಎಣ್ಣೆಯನ್ನೂ ಬೆವರಿಳಿಸುವ ಶಾಖವನ್ನೂ, ನಂಬಿದರು. ಚರಕಸಂಹಿತೆಯು ಗೃಧ್ರಸಿಯನ್ನು ವಾತವ್ಯಾಧಿಗಳಲ್ಲಿ ಎಣಿಸಿ, ನೋವು ನಿತಂಬದಲ್ಲಿ ತಲೆದೋರಿ ಕಟಿ, ತೊಡೆ, ಮೊಣಕಾಲು, ಕಣಕಾಲುಗಳ ಮಾರ್ಗವಾಗಿ ಪಾದಕ್ಕಿಳಿಯುವ ಕ್ರಮವನ್ನು ಇಂದಿನ ವೈದ್ಯನೂ ತಲೆದೂಗುವಂತೆ ವರ್ಣಿಸಿ, ಬಸ್ತಿ (ಗುದದ ಮೂಲಕ ಔಷಧವೇರಿಸುವುದು), ಸಿರಾವೇಧ (ರಕ್ತ ತೆಗೆಯುವುದು), ಅಗ್ನಿಕರ್ಮ (ಸುಡುವುದು) ಇವುಗಳನ್ನು ವಿಧಿಸುತ್ತದೆ. ಸೊಂಟದ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚನೆಯ ತೈಲ ತುಂಬುವ ಕಟಿಬಸ್ತಿಯು ಕರ್ನಾಟಕದ ಆಯುರ್ವೇದ ಚಿಕಿತ್ಸಾಲಯಗಳಲ್ಲಿ ಈಗಲೂ ನಡೆಯುತ್ತಿದೆ. ಅದರಿಂದ ಹಿತವುಂಟಾಗುವುದನ್ನು ಅಲ್ಲಗಳೆಯಬೇಕಾಗಿಲ್ಲ. ಹೊರಚಾಚಿದ ಡಿಸ್ಕು (ಕಶೇರುಗಳ ನಡುವಣ ಬಿಲ್ಲೆ) ಅದರಿಂದ ಸ್ವಸ್ಥಾನಕ್ಕೆ ಮರಳುವುದೆಂಬ ಮಾತಿಗೆ ಮಾತ್ರ ಆಧಾರವಿಲ್ಲ.

ಕಾಲಿಗಿಳಿಯುವ ನೋವು ಕೀಲಿನದಲ್ಲ, ನರದ್ದೆಂದು ನೇಪಲ್ಸ್ ನಗರದ ಡೊಮೆನಿಕೊ ಕೊಟುನ್ಯೊ 1764ರಲ್ಲಿಯೇ ಗ್ರಂಥವೊಂದನ್ನು ಬರೆದು ಸಾರಿದ್ದನಾದರೂ, ಆ ನರವನ್ನು ಪೀಡಿಸುವುದೇನೆಂಬುದು ಇನ್ನೂ ನೂರೆಪ್ಪತ್ತು ವರ್ಷ ನಿಚ್ಚಳವಾಗಲಿಲ್ಲ. ಎರಡು ಕಶೇರುಗಳ ನಡುವಣ ಮೃದ್ವಸ್ಥಿಯ ಬಿಲ್ಲೆ ಬಿರಿದು, ಒಳಗಿನ ತಿರುಳು ಹೊರಚಾಚಿ ನರಮೂಲವನ್ನು ಒತ್ತುವುದನ್ನು ಶಸ್ತ್ರವೈದ್ಯರು ಕಂಡಿದ್ದರು. ಕಂಡು ಗೆಡ್ಡೆಯೆಂದು ಭ್ರಮಿಸಿದ್ದರು. ಅದು ಗೆಡ್ಡೆಯಲ್ಲ, ಡಿಸ್ಕಿನದೇ ತುಣುಕೆಂದು ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ 1934ರಲ್ಲಿ ಪ್ರಕಟಿಸಿದಂದಿನಿಂದ ಶಸ್ತ್ರಕ್ರಿಯೆಗೆ ಸ್ಪಷ್ಟವಾದ ಗುರಿಯೊಂದು ದೊರಕಿತು.

ಶಸ್ತ್ರಕ್ಕೆ ಒಳಗಾಗದವರಿಗೆ ಉಳಿದದ್ದು ಹಾಸಿಗೆ. ವಿಶ್ರಾಂತಿಯೇ ಪರಮೌಷಧವೆಂಬ ತತ್ತ್ವವನ್ನು ಲಂಡನ್ನಿನ ಜಾನ್ ಹಿಲ್ಟನ್ ತನ್ನ ಉಪನ್ಯಾಸಗಳಲ್ಲಿ ಪ್ರತಿಪಾದಿಸಿ 1863ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಲಿವರ್‌ಪೂಲಿನ ಹ್ಯೂ ಓವೆನ್ ಥಾಮಸ್ ಅದನ್ನು ಕಡ್ಡಾಯವಾದ, ಅವಿಚ್ಛಿನ್ನವಾದ, ದೀರ್ಘವಾದ ವಿಶ್ರಾಂತಿಯ ವ್ರತವನ್ನಾಗಿಯೇ ಮಾಡಿದನು. ಈತನು ಪರಂಪರೆಯಿಂದ ಮೂಳೆ ಕೂಡಿಸುವವರ ಮನೆತನದಲ್ಲಿ ಹುಟ್ಟಿದವನೆಂಬುದು ಸ್ವಾರಸ್ಯದ ಸಂಗತಿ. ತಿರುಚಿ ಎಳೆದು ನೆಟಿಕೆ ತೆಗೆಯುವ ಕುಲವೃತ್ತಿಯವರ ಮಗನೇ ಅಲುಗಾಡಬೇಡವೆಂದು ಬೋಧಿಸಿದನು. ಮುಂದಿನ ಒಂದು ಶತಮಾನ, ಹಾಸಿಗೆಯಡಿ ಗಟ್ಟಿ ಹಲಗೆಯನ್ನಿಟ್ಟು ವಾರಗಟ್ಟಲೆ ಮಲಗುವುದೇ ನಡುನೋವಿನ ರಾಜಚಿಕಿತ್ಸೆಯಾಯಿತು. 1947ರಲ್ಲಿ ಲಂಡನ್ನಿನ ರಿಚರ್ಡ್ ಆಷರ್ ಹಾಸಿಗೆ ಹಿಡಿಯುವುದರ ಅಪಾಯಗಳನ್ನು ಕುರಿತು ಬರೆದ ಲೇಖನವನ್ನು ವೈದ್ಯರು ಓದಿ ಮೆಚ್ಚಿದರೇ ಹೊರತು, ಬೆನ್ನಿನ ವಿಷಯದಲ್ಲಿ ತಮ್ಮ ಅಭ್ಯಾಸವನ್ನು ಬಿಡಲಿಲ್ಲ. ಹಾಸಿಗೆಯನ್ನು ಪರೀಕ್ಷೆಗೆ ಒಡ್ಡಿದ್ದು ಬಹಳ ತಡವಾಗಿ: ಕಾಲಿಗಿಳಿದ ನೋವುಳ್ಳ 183 ರೋಗಿಗಳಲ್ಲಿ ಒಂದು ಪಾಲಿನವರನ್ನು ಎರಡು ವಾರ ಮಲಗಿಸಿ, ಉಳಿದವರನ್ನು ಓಡಾಡಿಕೊಂಡಿರಲು ಬಿಟ್ಟ ಡಚ್ ವೈದ್ಯರು, ಹನ್ನೆರಡು ವಾರಗಳ ಮೇಲೆ ಎರಡು ಪಂಗಡಗಳಲ್ಲಿಯೂ ನೂರಕ್ಕೆ 87 ಮಂದಿ ಸುಧಾರಿಸಿರುವರೆಂದು 1999ರಲ್ಲಿ ವರದಿಮಾಡಿದರು. ಮಲಗಿ ಪಡೆದದ್ದು ಏನೂ ಇರಲಿಲ್ಲ.

ಈ ಲೆಕ್ಕದಲ್ಲಿಯೇ ನಮ್ಮ ಇತಿಹಾಸದ ಗುಟ್ಟೂ ಇದೆ. ಹೊರಬಿದ್ದ ತಿರುಳನ್ನು ದೇಹದ ಭಕ್ಷಕಕೋಶಗಳು ಕ್ರಮೇಣ ಕರಗಿಸುತ್ತವೆ, ನರದ ಸುತ್ತಣ ಉರಿಯೂತವು ಇಳಿಯುತ್ತದೆ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಸ್ಕ್ಯಾನಿಂಗ್ ಚಿತ್ರಗಳು ಈ ಕುಗ್ಗುವಿಕೆಯನ್ನು ಕಣ್ಣಿಗೆ ಕಾಣಿಸಿದವು. ಆ ನಡುವಣ ವಾರಗಳಲ್ಲಿ ಯಾವ ಚಿಕಿತ್ಸೆ ನಡೆದಿದ್ದಿತೋ ಅದು ಕೀರ್ತಿಯನ್ನು ಹೊತ್ತುಕೊಂಡಿತು. 

ಬೆನ್ನನ್ನು ಕೊಯ್ಯದೆ ತಿರುಳನ್ನು ಕರಗಿಸುವ ಸಾಹಸವೂ ನಡೆಯಿತು. ಅದರ ಮೂಲದ್ರವ್ಯವು ನಮ್ಮ ಹಿತ್ತಲಿನ ಪರಂಗಿಕಾಯಿಯ ಹಾಲು. ಪರಂಗಿಯ ಪಪೇನ್ ಕಿಣ್ವವನ್ನು ಮೊಲಗಳಿಗೆ ಚುಚ್ಚಿದಾಗ ಅವುಗಳ ನಿಮಿರಿದ ಕಿವಿಗಳು ಜೋಲುಬಿದ್ದುದನ್ನು ಲೂಯಿಸ್ ಥಾಮಸ್ ಎಂಬ ಅಮೆರಿಕದ ವೈದ್ಯನು 1956ರಲ್ಲಿ ವರದಿಮಾಡಿದ್ದನು. ಮೃದ್ವಸ್ಥಿಯನ್ನು ಸಡಿಲಿಸಬಲ್ಲುದು ಡಿಸ್ಕಿನ ತಿರುಳನ್ನೂ ಕರಗಿಸೀತೆಂದು ಊಹಿಸಿದ ಲೈಮನ್ ಸ್ಮಿತ್, ಅದೇ ಹಾಲಿನ ಕೈಮೊಪಪೇನನ್ನು 1960ರ ದಶಕದಲ್ಲಿ ಮನುಷ್ಯರ ಡಿಸ್ಕಿಗೆ ಸೂಜಿಯಿಂದ ಸೇರಿಸಿದನು. 1982ರಲ್ಲಿ ಅಮೆರಿಕದ ಸರ್ಕಾರವು ಒಪ್ಪಿಗೆ ನೀಡಿದ ಈ ಔಷಧವು ಹಲವರಿಗೆ ಗುಣವನ್ನುಂಟುಮಾಡಿತಾದರೂ, ಕೆಲವರಲ್ಲಿ ಪ್ರಾಣಾಂತಿಕವಾದ ಅಲರ್ಜಿಯನ್ನೂ, ಅತಿ ವಿರಳವಾಗಿ ಕಾಲುಗಳ ಪಾರ್ಶ್ವವಾಯುವನ್ನೂ ತಂದು, 2003ರ ವೇಳೆಗೆ ಅಲ್ಲಿನ ಮಾರುಕಟ್ಟೆಯಿಂದ ಮರೆಯಾಯಿತು.

ವ್ಯಾಯಾಮದ ಚರಿತ್ರೆಗೆ ಒಂದು ಆಕಸ್ಮಿಕವು ತಿರುವು ಕೊಟ್ಟಿತು. 1956ರಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ, ತಲೆಯ ಭಾಗವನ್ನು ಎತ್ತರಿಸಿದ್ದ ಮಂಚದ ಮೇಲೆ ರೋಗಿಯೊಬ್ಬನು ಕವುಚಿ ಮಲಗಿ, ಬೆನ್ನು ಹಿಂದಕ್ಕೆ ಬಾಗಿದ ಆ ಸ್ಥಿತಿಯಲ್ಲಿ ಕೆಲವು ನಿಮಿಷವಿದ್ದು ಎದ್ದಾಗ, ವಾರಗಳಿಂದ ಕಾಡಿದ್ದ ಕಾಲುನೋವು ಇಲ್ಲವಾಗಿತ್ತು. ಗಾಬರಿಗೊಂಡರೂ ಆತನ ಮಾತನ್ನು ತಳ್ಳಿಹಾಕದೆ ಕೇಳಿದ ಭೌತಚಿಕಿತ್ಸಕ ರಾಬಿನ್ ಮೆಕೆಂಜಿಯ ಹೆಸರಿನಲ್ಲಿ ಇಂದು ಒಂದು ಪದ್ಧತಿಯೇ ಇದೆ.

ಹಾಗಾದರೆ ಶಸ್ತ್ರವು ವ್ಯರ್ಥವೇ? ಓಸ್ಲೋದ ಹೆನ್ರಿಕ್ ವೆಬರ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಸ್ತ್ರಕ್ರಿಯೆಯಾದವರು ಒಂದು ವರ್ಷದ ಮೇಲೆ ಉಳಿದವರಿಗಿಂತ ಮೇಲಾಗಿದ್ದರು. ನಾಲ್ಕನೆಯ ವರ್ಷಕ್ಕೆ ಅಂತರವು ಗಣನೀಯವಾಗಿ ಉಳಿಯಲಿಲ್ಲ. ಹತ್ತನೆಯ ವರ್ಷದಲ್ಲಿಯೂ ಹಾಗೆಯೇ. ಶಸ್ತ್ರವು ನೋವಿನ ಕಾಲವನ್ನು ಮೊಟಕುಗೊಳಿಸುತ್ತದೆ. ಕಾಯಬಲ್ಲವನಿಗೆ ಕಾಯುವುದರಿಂದ ನಷ್ಟವಿಲ್ಲ. ಆದರೆ ಪಾದವು ಸೋತು ಜೋಲಿದರೆ, ಮಲಮೂತ್ರಗಳ ಹತೋಟಿ ತಪ್ಪಿದರೆ, ಗುಹ್ಯಭಾಗದ ಸುತ್ತ ಸ್ಪರ್ಶಜ್ಞಾನ ಮಂಕಾದರೆ, ಈ ತಾಳ್ಮೆಯ ಮಾತು ಅಲ್ಲಿಗೆ ಅನ್ವಯಿಸುವುದಿಲ್ಲ; ಅಂಥವರು ತೈಲವನ್ನೂ ವ್ಯಾಯಾಮವನ್ನೂ ಬದಿಗಿಟ್ಟು, ಅಂದೇ ಶಸ್ತ್ರವೈದ್ಯರನ್ನು ಕಾಣತಕ್ಕದ್ದು.