ಪಾತ್ರವಿಚಾರ: ಸರ್ಕಾರದ ಸಹಾಯಧನಕ್ಕೆ ಯಾರು ಅರ್ಹರು?

ಪ್ರತಿವರ್ಷ ಶಾಲಾ ಕಾಲೇಜುಗಳು ಆರಂಭವಾಗುವ ಸಮಯಕ್ಕೆ ಕೃಷ್ಣಮೂರ್ತಿಪುರಂನ ನಮ್ಮ ಮನೆಗೆ ಸಮಾಜಬಾಂಧವರು ಅರ್ಜಿ ನಮೂನೆಗಳನ್ನು ಹಿಡಿದು ಬರುವುದುಂಟು. ಬಸದಿಯ ಟ್ರಸ್ಟಿನಲ್ಲಿ ಹಲವು ವರ್ಷ ಲೆಕ್ಕಪತ್ರ ನೋಡಿಕೊಂಡವನೆಂಬ ಕಾರಣಕ್ಕೆ ಅವರಿಗೆ ನನ್ನ ಮೇಲೊಂದು ವಿಶ್ವಾಸ. ಕೆಲವು ವರ್ಷಗಳ ಹಿಂದೆ ಒಂದೇ ವಾರದಲ್ಲಿ ಬಂದ ಇಬ್ಬರ ವಿಷಯ ಇಂದಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ. ಒಬ್ಬರು ಸಗಟು ವ್ಯಾಪಾರಸ್ಥರು, ದೂರದ ಬಂಧುಗಳು. ಮಗನ ವಿದ್ಯಾರ್ಥಿವೇತನಕ್ಕೆ ಕಡಮೆ ಆದಾಯದ ಪತ್ರ ಬೇಕಾಗಿತ್ತು. "ಎಲ್ಲರೂ ಬರೆಸುತ್ತಾರೆ ಮಾವ, ಟ್ರಸ್ಟಿನ ಶಿಫಾರಸು ಒಂದಿದ್ದರೆ ಸಾಕು" ಎಂದರು. ಇನ್ನೊಬ್ಬರು ಹಳ್ಳಿಯ ಬಸದಿಯ ಅರ್ಚಕರ ಪತ್ನಿ. ಮಗಳ ಶಾಲಾ ದಾಖಲೆಯಲ್ಲಿ ಧರ್ಮದ ಕಾಲಮ್ಮಿನಲ್ಲಿ "ಹಿಂದೂ" ಎಂದಷ್ಟೇ ಬರೆದಿದ್ದುದರಿಂದ ಅವರ ಅರ್ಜಿ ಹಿಂದಿರುಗಿತ್ತು. ಅರ್ಹತೆಯಿಲ್ಲದವರಿಗೆ ದಾರಿ ತಿಳಿದಿತ್ತು. ಅರ್ಹರಿಗೆ ದಾರಿ ತಿಳಿದಿರಲಿಲ್ಲ.

ನಮ್ಮ ಶಾಸ್ತ್ರಗಳಲ್ಲಿ ದಾನದ ವಿಚಾರ ಬಂದಾಗಲೆಲ್ಲ ಪಾತ್ರದ ವಿಚಾರವೂ ಬರುತ್ತದೆ. ಉತ್ತಮ, ಮಧ್ಯಮ, ಜಘನ್ಯವೆಂದು ಪಾತ್ರರನ್ನು ವಿಂಗಡಿಸಿದ ಆಚಾರ್ಯರೇ ದುಃಖಿತರಿಗೆ ಕೊಡುವ ಕರುಣಾದಾನಕ್ಕೆ ಆ ವಿಂಗಡಣೆ ಬೇಡವೆಂದೂ ಹೇಳಿದ್ದಾರೆ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂಬ ನಾಲ್ಕು ವಿಧಗಳು ಬರುತ್ತವೆ. ಸರ್ಕಾರ ಕೊಡುವ ಸಹಾಯಧನವು ದಾನವಲ್ಲ, ಪ್ರಜೆಗಳ ತೆರಿಗೆಯ ಹಣ. ಅರ್ಹನಾದವನಿಗೆ ಅದು ಹಕ್ಕು. ಆದರೂ ಯಾರು ಪಾತ್ರರು ಎಂಬ ಪ್ರಶ್ನೆಯಿಂದ ಸರ್ಕಾರವೂ ತಪ್ಪಿಸಿಕೊಳ್ಳಲಾರದು. ನಮ್ಮ ನಾಡಿನಲ್ಲಿ ಆ ಪ್ರಶ್ನೆಗೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಅದನ್ನು ತಿಳಿದರೆ ಇಂದಿನ ನಮ್ಮ ಕರ್ತವ್ಯವೂ ಸ್ಪಷ್ಟವಾದೀತು.

ಸಂಸ್ಥಾನದ ಮೊದಲ ಅಳತೆ

1917ರಲ್ಲಿ ಮೈಸೂರು ಸಂಸ್ಥಾನದಲ್ಲಿ ಪ್ರಜಾಮಿತ್ರ ಮಂಡಳಿ ಸ್ಥಾಪಿತವಾಯಿತು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ತಕ್ಕ ಪಾಲು ದೊರೆಯಬೇಕೆಂದು ಅದರ ಮುಖಂಡರು 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಲ್ಲಿ ಮನವಿ ಮಾಡಿದರು. ಮಹಾರಾಜರು ಅದೇ ವರ್ಷ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಈ ನೀತಿಗೆ ಸಮ್ಮತಿಯಿಲ್ಲದ ದಿವಾನ್ ವಿಶ್ವೇಶ್ವರಯ್ಯನವರು ಆ ವರ್ಷದ ಕೊನೆಯಲ್ಲಿ ಅಧಿಕಾರ ಬಿಟ್ಟರು. ಸಮಿತಿಯ ವರದಿ 1919ರಲ್ಲಿ ಬಂತು. ಅದನ್ನು ಅನುಸರಿಸಿ 1921ರಲ್ಲಿ ಸರ್ಕಾರಿ ಆದೇಶ ಹೊರಟಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡರಷ್ಟು ಹಿಂದುಳಿದ ಕೋಮುಗಳಿಗೆ ಸೇರಬೇಕೆಂಬುದು ಗುರಿ.

ಹಿಂದುಳಿದವರು ಯಾರು? ಸರ್ಕಾರಿ ಸೇವೆಯಲ್ಲಿ ಸಾಕಷ್ಟು ಪ್ರಾತಿನಿಧ್ಯವಿಲ್ಲದ, ಬ್ರಾಹ್ಮಣರನ್ನು ಬಿಟ್ಟ ಉಳಿದ ಕೋಮುಗಳೆಲ್ಲವೂ ಎಂಬುದೇ ಆಗಿನ ಉತ್ತರ. ಕಚೇರಿಗಳ ಬಾಗಿಲು ಒಂದೇ ವರ್ಗಕ್ಕೆ ತೆರೆದಿದ್ದ ಕಾಲದಲ್ಲಿ ಈ ಅಳತೆ ಅಗತ್ಯವಾಗಿತ್ತು. ಆದರೆ ಅದು ಕೋಮನ್ನು ನೋಡಿತೇ ಹೊರತು ಕೋಮಿನೊಳಗಿನ ಮನೆಗಳನ್ನು ನೋಡಲಿಲ್ಲ. ಹತ್ತು ಅಂಗಡಿಗಳ ಒಡೆಯನೂ ಅವನ ಮಳಿಗೆಯಲ್ಲಿ ಮೂಟೆ ಹೊರುವವನೂ ಒಂದೇ ಸಾಲಿನಲ್ಲಿ ನಿಂತರು.

ಸರಾಸರಿಯಿಂದ ಆದಾಯಕ್ಕೆ

ಸ್ವಾತಂತ್ರ್ಯಾನಂತರ, 1951ರ ಮೊದಲ ತಿದ್ದುಪಡಿಯಿಂದ ಸಂವಿಧಾನದ 15ನೆಯ ಅನುಚ್ಛೇದಕ್ಕೆ 4ನೆಯ ಖಂಡ ಸೇರಿತು. ಸಾಮಾಜಿಕವಾಗಿ ಹಾಗೂ ಶೈಕ್ಷಣಿಕವಾಗಿ ಹಿಂದುಳಿದವರಿಗೆ ವಿಶೇಷ ಏರ್ಪಾಡು ಮಾಡುವ ಅಧಿಕಾರ ಸರ್ಕಾರಗಳಿಗೆ ದೊರೆಯಿತು. ಮೈಸೂರು ರಾಜ್ಯವು 1960ರಲ್ಲಿ ಡಾ. ನಾಗನಗೌಡ ಸಮಿತಿಯನ್ನು ನೇಮಿಸಿತು. ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಪ್ರತಿ ಕೋಮಿನ ಸಾವಿರ ಜನರಿಗೆ ಎಷ್ಟು ಮಕ್ಕಳು ಓದುತ್ತಿದ್ದಾರೆಂದು ಸಮಿತಿ ಎಣಿಸಿತು. ರಾಜ್ಯದ ಸರಾಸರಿ ಸಾವಿರಕ್ಕೆ 6.9 ಬಂತು. ಈ ಸರಾಸರಿಯನ್ನು ಆಧಾರವಾಗಿಟ್ಟುಕೊಂಡು ಕೋಮುಗಳನ್ನು ವರ್ಗೀಕರಿಸಲಾಯಿತು. 1962ರ ಜುಲೈ ತಿಂಗಳ ಆದೇಶದಂತೆ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ಶೇ. 68 ಸ್ಥಾನಗಳು ಮೀಸಲಾದವು. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದೇ ವರ್ಷ ಸೆಪ್ಟೆಂಬರಿನಲ್ಲಿ ಆ ಆದೇಶವನ್ನು ರದ್ದು ಮಾಡಿತು. ಜಾತಿಯನ್ನು ಗಮನಿಸಬಹುದು, ಆದರೆ ಜಾತಿಯೊಂದೇ ಒರೆಗಲ್ಲಾಗಬಾರದು ಎಂಬುದು ತೀರ್ಪಿನ ಸಾರ.

ಇದಾದ ಮೇಲೆ ರಾಜ್ಯ ಸರ್ಕಾರ ಕೈಗೊಂಡ ಕ್ರಮವನ್ನು ಇಂದು ಬಹಳ ಜನ ಮರೆತಿದ್ದಾರೆ. 1963ರ ಜುಲೈ ತಿಂಗಳ ಆದೇಶದಲ್ಲಿ ಜಾತಿಯ ಮಾತೇ ಇರಲಿಲ್ಲ. ಕುಟುಂಬದ ವಾರ್ಷಿಕ ಆದಾಯ 1,200 ರೂಪಾಯಿಗಿಂತ ಕಡಮೆಯಿರಬೇಕು. ಕಸುಬು ಸ್ವಂತ ಬೇಸಾಯ, ಕುಶಲಕರ್ಮ, ಚಿಲ್ಲರೆ ವ್ಯಾಪಾರ, ಕೆಳದರ್ಜೆಯ ನೌಕರಿ ಅಥವಾ ಮೈಮುರಿದು ದುಡಿಯುವ ಬೇರೆ ಯಾವುದಾದರೂ ಕೆಲಸವಾಗಿರಬೇಕು. ಚಿತ್ರಲೇಖಾ ಪ್ರಕರಣದಲ್ಲಿ 1964ರಲ್ಲಿ ಸುಪ್ರೀಂ ಕೋರ್ಟು ಈ ಕ್ರಮವನ್ನು ಎತ್ತಿಹಿಡಿಯಿತು. ಆಗ ಗಲ್ಲಿಯೊಂದರಲ್ಲಿ ಚಿಲ್ಲರೆ ಅಂಗಡಿ ಇಟ್ಟುಕೊಂಡಿದ್ದ ಜೈನನೂ ಪಕ್ಕದ ಮನೆಯ ಬಡಗಿಯೂ ಒಂದೇ ನಿಯಮದಿಂದ ಪಾತ್ರರಾದರು. ಆದರೆ ಈ ಅಳತೆಗೂ ದೋಷವಿತ್ತು. ಬಡತನವನ್ನು ಕಂಡ ಅದು ತಲೆಮಾರುಗಳ ಅವಮಾನವನ್ನು ಕಾಣಲಿಲ್ಲ.

ಆ ಕೊರತೆಯನ್ನು ತುಂಬಲು ಹೊರಟವರು ನಮ್ಮ ಹುಣಸೂರು ಸೀಮೆಯ ದೇವರಾಜ ಅರಸರು. 1972ರಲ್ಲಿ ಅವರ ಸರ್ಕಾರ ನೇಮಿಸಿದ ಎಲ್. ಜಿ. ಹಾವನೂರ ಆಯೋಗವು 1975ರಲ್ಲಿ ವರದಿ ಕೊಟ್ಟಿತು. 1977ರ ಫೆಬ್ರವರಿ ಆದೇಶದಲ್ಲಿ ಹಿಂದುಳಿದ ಸಮುದಾಯ, ಜಾತಿ, ಬುಡಕಟ್ಟುಗಳ ಜೊತೆಗೆ "ವಿಶೇಷ ಗುಂಪು" ಎಂಬುದೂ ಸೇರಿತು. ಯಾವ ಜಾತಿಯವನಾದರೂ ಗೊತ್ತುಪಡಿಸಿದ ಕಸುಬಿನವನಾಗಿ, ಕುಟುಂಬದ ಆದಾಯ ವರ್ಷಕ್ಕೆ 4,800 ರೂಪಾಯಿ ಮೀರದಿದ್ದರೆ ಆ ಗುಂಪಿಗೆ ಸೇರಬಹುದಾಗಿತ್ತು.

ಅದೇ ಕಾಲಕ್ಕೆ ಸೇರಿದ ನಮ್ಮ ಮನೆಯ ಒಂದು ಪ್ರಸಂಗವನ್ನು ಹೇಳುವುದು ಅಪ್ರಸ್ತುತವಾಗಲಾರದು. ನಾನು ಬಿ.ಕಾಂ. ಓದುತ್ತಿದ್ದಾಗ ತಂದೆಯವರ ಚಿಕ್ಕ ಅಂಗಡಿಯ ಆದಾಯವು ಶುಲ್ಕ ವಿನಾಯಿತಿಯ ಮಿತಿಗಿಂತ ತುಸುವೇ ಹೆಚ್ಚಾಗಿತ್ತು. ಸ್ವಲ್ಪ ಇಳಿಸಿ ಬರೆಸಿರೆಂದು ಹಿತೈಷಿಗಳು ಹೇಳಿದರು. "ಅಂಗಡಿಯ ಖಾತೆಯಲ್ಲಿ ಒಂದು, ಕಚೇರಿಯ ಕಾಗದದಲ್ಲಿ ಇನ್ನೊಂದು ಬರೆದು ಬಸದಿಗೆ ಹೇಗೆ ಹೋಗಲಿ?" ಎಂದರು ತಂದೆಯವರು. ಆ ವರ್ಷದ ಶುಲ್ಕಕ್ಕಾಗಿ ತಾಯಿಯವರ ಎರಡು ಬಳೆಗಳು ಗಿರವಿಗೆ ಹೋದವು. ನನಗೆ ಆಗ ಬಂದದ್ದು ಹೆಮ್ಮೆಯಲ್ಲ, ಕೋಪ. ತಂದೆಯವರ ನಡತೆ ಸರಿಯೆಂದು ಅರಿಯಲು ನನಗೆ ಬಹಳ ವರ್ಷ ಬೇಕಾಯಿತು. ಮಿತಿಯ ಗೆರೆಯ ಸ್ವಲ್ಪ ಆಚೆ ನಿಂತವನ ಕಷ್ಟ ಎಂಥದೆಂಬುದೂ ಅಂದೇ ತಿಳಿಯಿತು.

ನಮಗೆ ದೊರೆತ ಎರಡು ಹೆಸರುಗಳು

ಇಂದು ಕರ್ನಾಟಕದ ಜೈನರು ಎರಡು ಹೆಸರುಗಳಲ್ಲಿ ಸರ್ಕಾರದ ಮುಂದೆ ನಿಲ್ಲುತ್ತಾರೆ. ಮೊದಲನೆಯದು ಹಿಂದುಳಿದ ವರ್ಗ. ರಾಜ್ಯದ ಪಟ್ಟಿಯ 3-ಬಿ ಪ್ರವರ್ಗದಲ್ಲಿ ಲಿಂಗಾಯತರು, ಮರಾಠರು ಮೊದಲಾದವರೊಂದಿಗೆ ದಿಗಂಬರ ಜೈನರ ಹೆಸರಿದೆ. ಇದಕ್ಕೆ ಕೆನೆಪದರದ ನಿಯಮವೂ ಅನ್ವಯಿಸುತ್ತದೆ. 1992ರ ನವೆಂಬರಿನ ಇಂದ್ರಾ ಸಾಹ್ನಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹಿಂದುಳಿದವರೊಳಗಿನ ಮುಂದುವರಿದ ಕುಟುಂಬಗಳನ್ನು ಬೇರ್ಪಡಿಸಬೇಕೆಂದಿತು. ಕೇಂದ್ರದಲ್ಲಿ 1993ರಲ್ಲಿ 1 ಲಕ್ಷವಿದ್ದ ಆದಾಯದ ಗೆರೆ 2017ರಲ್ಲಿ 8 ಲಕ್ಷಕ್ಕೆ ಏರಿತು. ಹಿಂದುಳಿದವರ ಪಟ್ಟಿಯಲ್ಲಿಲ್ಲದವರಿಗೆ 2019ರ 103ನೆಯ ತಿದ್ದುಪಡಿಯಿಂದ ಆರ್ಥಿಕವಾಗಿ ದುರ್ಬಲರಿಗೆ ಶೇ. 10 ಮೀಸಲಾತಿಯ ದಾರಿ ತೆರೆಯಿತು. ಕೇಂದ್ರದ ನಿಯಮದಂತೆ ಅಲ್ಲಿ 8 ಲಕ್ಷದ ಆದಾಯಮಿತಿಯ ಜೊತೆಗೆ 5 ಎಕರೆ ಜಮೀನು, 1,000 ಚದರಡಿ ಫ್ಲ್ಯಾಟು ಮುಂತಾದ ಆಸ್ತಿಯ ಮಿತಿಗಳೂ ಇವೆ.

ಎರಡನೆಯ ಹೆಸರು ಅಲ್ಪಸಂಖ್ಯಾತರೆಂಬುದು. 1992ರ ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗದ ಕಾಯಿದೆಯಡಿ 1993ರ ಅಕ್ಟೋಬರ್ 23ರಂದು ಐದು ಸಮುದಾಯಗಳನ್ನು ಅಧಿಸೂಚಿಸಲಾಯಿತು, ಅವುಗಳಲ್ಲಿ ಜೈನರಿರಲಿಲ್ಲ. ಬಾಳ್ ಪಾಟೀಲರ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟು ಕೇಂದ್ರಕ್ಕೆ ಆದೇಶ ಕೊಡಲು ಒಪ್ಪಲಿಲ್ಲ. ಕೊನೆಗೆ 2014ರ ಜನವರಿ 27ರಂದು ಕೇಂದ್ರ ಸರ್ಕಾರವೇ ಜೈನರನ್ನು ಆ ಪಟ್ಟಿಗೆ ಸೇರಿಸಿತು.

ಆ ದಿನಗಳಲ್ಲಿ ಹಂಚಿದ ಸಿಹಿಯ ಜೊತೆಗೆ ಒಂದು ತಪ್ಪುಕಲ್ಪನೆಯೂ ಹರಡಿತು. ಅಲ್ಪಸಂಖ್ಯಾತರಾದ ಮಾತ್ರಕ್ಕೆ ಸಹಾಯಧನ ಬರುತ್ತದೆಂದು ಅನೇಕರು ತಿಳಿದರು. ಅದು ಹಾಗಲ್ಲ. ಕೇಂದ್ರವು ಅಲ್ಪಸಂಖ್ಯಾತರಿಗಾಗಿ 2007–08ರಿಂದೀಚೆಗೆ ಆರಂಭಿಸಿದ ವಿದ್ಯಾರ್ಥಿವೇತನಗಳಲ್ಲಿ ಕುಟುಂಬದ ವಾರ್ಷಿಕ ಆದಾಯದ ಮಿತಿಯು ಮೆಟ್ರಿಕ್ ಪೂರ್ವಕ್ಕೆ 1 ಲಕ್ಷ, ಮೆಟ್ರಿಕ್ ನಂತರಕ್ಕೆ 2 ಲಕ್ಷ, ವೃತ್ತಿ ಶಿಕ್ಷಣಕ್ಕೆ 2.5 ಲಕ್ಷ ರೂಪಾಯಿ ಎಂದಿತ್ತು. 2022ರಲ್ಲಿ ಒಂದರಿಂದ ಎಂಟನೆಯ ತರಗತಿಯವರೆಗಿನ ವೇತನವೂ ನಿಂತುಹೋಯಿತು. ಸಮುದಾಯದ ಹೆಸರು ಬಾಗಿಲವರೆಗೆ ಕರೆದೊಯ್ಯುತ್ತದೆ. ಒಳಗೆ ಹೋಗಲು ಮನೆಯ ಸ್ಥಿತಿಯನ್ನು ತೋರಿಸಲೇಬೇಕು.

ಕೆಲವು ಯೋಜನೆಗಳು ಕೋಮನ್ನು ಕೇಳುವುದೇ ಇಲ್ಲ. 2023ರ ಆಗಸ್ಟ್ 30ರಂದು ನಮ್ಮ ಮೈಸೂರಿನಲ್ಲೇ ಉದ್ಘಾಟನೆಯಾದ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಗೊತ್ತುಮಾಡಿತು. ಆಕೆಯಾಗಲಿ ಪತಿಯಾಗಲಿ ಆದಾಯ ತೆರಿಗೆ ಕಟ್ಟುವವರು, ಜಿ.ಎಸ್.ಟಿ. ರಿಟರ್ನ್ಸ್ ಸಲ್ಲಿಸುವವರು ಆಗಿದ್ದರೆ ಅರ್ಹತೆಯಿಲ್ಲ. ಲಾಭ ಅತ್ಯಲ್ಪವಾದರೂ ನೋಂದಣಿ ಮಾಡಿಸಿಕೊಂಡ ಸಣ್ಣ ವ್ಯಾಪಾರಿ ಇಲ್ಲಿ ಹೊರಗುಳಿಯುತ್ತಾನೆ. ಯಾವ ಗೆರೆಯೂ ಪರಿಪೂರ್ಣವಲ್ಲವೆಂಬುದಕ್ಕೆ ಇದು ನಮ್ಮ ಕಣ್ಣೆದುರಿನ ಸಾಕ್ಷಿ.

ಸರಾಸರಿಯ ಮರೆಯಲ್ಲಿ

2001ರ ಜನಗಣತಿಯಲ್ಲಿ ದೇಶದ ಜೈನರ ಸಾಕ್ಷರತೆ ಶೇ. 94.1 ಇತ್ತು, ಇಡೀ ದೇಶದ ಪ್ರಮಾಣ ಶೇ. 64.8. ಈ ಅಂಕೆಯನ್ನು ಕಂಡವರು ಜೈನರಿಗೆ ಸಹಾಯವೇಕೆಂದು ಕೇಳುತ್ತಾರೆ. ಆ ಪ್ರಶ್ನೆಗೆ ಸಿಟ್ಟಾಗಬೇಕಾಗಿಲ್ಲ, ಉತ್ತರ ಹೇಳಬೇಕು. 2011ರ ಜನಗಣತಿಯಂತೆ ಕರ್ನಾಟಕದಲ್ಲಿರುವ ಜೈನರು 4,40,280. ಅವರಲ್ಲಿ ನಗರದ ವರ್ತಕರೂ ಇದ್ದಾರೆ. ಬೆಳಗಾವಿ ಸೀಮೆಯ ಬೇಸಾಯಗಾರರೂ ಇದ್ದಾರೆ. 1974ರ ಭೂಸುಧಾರಣೆಯ ನಂತರ ಉಂಬಳಿ, ಗೇಣಿಗಳ ವರಮಾನ ತಪ್ಪಿದ ಬಸದಿಗಳಲ್ಲಿ ಇಂದಿಗೂ ದೀಪ ಹಚ್ಚುತ್ತಿರುವ ಅರ್ಚಕರೂ ಇದ್ದಾರೆ. ಸರಾಸರಿಯೆಂಬುದು ಇವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುತ್ತದೆ. ಅದು ಬಡವನನ್ನು ಕಾಣದಂತೆ ಮಾಡುತ್ತದೆ. ನಮ್ಮ ಶ್ರೀಮಂತನು ಬಡವನ ಹೆಸರಿನಲ್ಲಿ ಕೈಚಾಚಿದರೆ ಹೊರಗಿನವರ ಆಕ್ಷೇಪವನ್ನೇ ನಿಜಮಾಡಿದಂತಾಗುತ್ತದೆ.

"ನಾವು ಲಕ್ಷಗಟ್ಟಲೆ ತೆರಿಗೆ ಕಟ್ಟುತ್ತೇವೆ, ಸ್ವಲ್ಪ ಹಿಂದಕ್ಕೆ ಪಡೆದರೆ ಏನು ತಪ್ಪು?" ಎನ್ನುವವರಿದ್ದಾರೆ. ವರ್ತಕನಾಗಿ ಈ ಮಾತಿನ ಸೆಳೆತ ನನಗೆ ತಿಳಿದಿದೆ. ಆದರೆ ಲೆಕ್ಕ ಬೇರೆಯೇ ಇದೆ. ಕೇಂದ್ರದ ಆ ವಿದ್ಯಾರ್ಥಿವೇತನಗಳ ಸಂಖ್ಯೆಯನ್ನು ಜನಸಂಖ್ಯೆಗೆ ತಕ್ಕಂತೆ ರಾಜ್ಯವಾರು, ಸಮುದಾಯವಾರು ಹಂಚಲಾಗುತ್ತಿತ್ತು. ಆರಂಭದ ನಿಯಮಗಳಲ್ಲಿ ಅಂಕಗಳಿಗಿಂತ ಬಡತನಕ್ಕೇ ಹೆಚ್ಚಿನ ಮನ್ನಣೆಯಿತ್ತು. ಎಂದರೆ, ಜೈನ ವರ್ತಕನೊಬ್ಬ ಆದಾಯವನ್ನು ಸುಳ್ಳಾಗಿ ಇಳಿಸಿ ಬರೆಸಿದರೆ ಅವನ ಮಗ ಹಿಂದಿಕ್ಕುತ್ತಿದ್ದುದು ಬೇರೆಯವರನ್ನಲ್ಲ. ನಿಜವಾದ ಆದಾಯ ಬರೆಸಿದ ಬಡ ಜೈನನ ಮಗಳನ್ನೇ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಣುವ್ರತಗಳ ಅತಿಚಾರಗಳ ವಿವರಣೆಯಿದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಅಂದರೆ ಸುಳ್ಳು ಪತ್ರ ಬರೆಯುವುದು ಸೇರಿದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮ, ಅಂದರೆ ರಾಜ್ಯದ ಕಟ್ಟಳೆ ಮೀರಿ ಪಡೆಯುವುದು ಸೇರಿದೆ. ಸುಳ್ಳು ಆದಾಯಪತ್ರವೊಂದರಲ್ಲಿ ಈ ಎರಡೂ ಒಟ್ಟಿಗೆ ಇವೆ. ಅದಕ್ಕೆ ಶಿಫಾರಸು ಕೊಡುವ ಟ್ರಸ್ಟೂ ಅದರಲ್ಲಿ ಪಾಲುಗೊಂಡಂತೆಯೇ.

ಟ್ರಸ್ಟುಗಳು ಮಾಡಬಹುದಾದದ್ದು

1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವೆದ್ದಾಗ ಬುಕ್ಕರಾಯನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ ಜೈನರಿಗೆ ರಕ್ಷಣೆ ಕೊಟ್ಟದ್ದನ್ನು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಅದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಅದೇ ಶಾಸನದ ಇನ್ನೊಂದು ಭಾಗವನ್ನು ಮರೆಯುತ್ತೇವೆ. ರಾಜ್ಯದ ಜೈನರು ಮನೆಗೊಂದರಂತೆ ವರ್ಷಕ್ಕೆ ಒಂದು ಹಣ ಕೊಡಬೇಕು, ಅದರಿಂದ ಬೆಳಗೊಳದ ಕಾವಲಿಗೆ ಇಪ್ಪತ್ತು ಜನರನ್ನು ನೇಮಿಸಬೇಕು, ಉಳಿದುದರಲ್ಲಿ ಜೀರ್ಣ ಜಿನಾಲಯಗಳ ದುರಸ್ತಿಯಾಗಬೇಕು ಎಂದು ಅಲ್ಲಿದೆ. ರಾಜನ ರಕ್ಷಣೆಯ ಜೊತೆಗೆ ಸಮಾಜದ ಸ್ವಂತ ಪಾಲೂ ಇತ್ತು.

ಇಂದಿಗೂ ಆ ದಾರಿ ನಮಗೆ ಸಲ್ಲುತ್ತದೆ. ಮಗುವನ್ನು ಶಾಲೆಗೆ ಸೇರಿಸುವ ದಿನವೇ ಧರ್ಮ ಮತ್ತು ಪಂಗಡವನ್ನು ಸರಿಯಾಗಿ ಬರೆಸುವಂತೆ ಪ್ರತಿ ಬಸದಿಯೂ ತನ್ನ ಕುಟುಂಬಗಳಿಗೆ ತಿಳಿಸಲಿ. ನಾಡಕಚೇರಿಗೆ ಹೋಗಲು ಅಂಜುವವರ ಜೊತೆಗೆ ತಿಳಿದ ಯುವಕರೊಬ್ಬರು ಹೋಗಲಿ. 2025ರ ಮಾರ್ಚ್ ತಿಂಗಳ ರಾಜ್ಯ ಮುಂಗಡಪತ್ರದಲ್ಲಿ ಜೈನ ಅರ್ಚಕರ ಗೌರವಧನವನ್ನು ತಿಂಗಳಿಗೆ 6,000 ರೂಪಾಯಿಗೆ ಏರಿಸುವ ಘೋಷಣೆಯಾಯಿತು. ಅಂಥ ಸೌಲಭ್ಯಕ್ಕೆ ನಿತ್ಯ ಪೂಜೆ ಮಾಡುವವರ ಹೆಸರೇ ಹೋಗಲಿ, ಟ್ರಸ್ಟಿಗಳ ನೆಂಟರ ಹೆಸರಲ್ಲ. ಕೊನೆಯದಾಗಿ, ಮಿತಿಯ ಗೆರೆಯ ಸ್ವಲ್ಪವೇ ಆಚೆ ನಿಂತವರಿಗಾಗಿ ಪ್ರತಿ ಟ್ರಸ್ಟೂ ಒಂದು ಸಣ್ಣ ನಿಧಿಯನ್ನಿಡಲಿ. ಸತ್ಯ ಬರೆಸಿದ್ದಕ್ಕಾಗಿ ಯಾವ ತಾಯಿಯ ಬಳೆಯೂ ಗಿರವಿಗೆ ಹೋಗಬಾರದು.

ಅಂದು ನನ್ನ ಮನೆಗೆ ಬಂದ ಬಂಧುಗಳಿಗೆ ಶಿಫಾರಸು ಕೊಡಲಿಲ್ಲ. ಅವರು ಎರಡು ವರ್ಷ ನಮ್ಮ ಮನೆಯ ಹೊಸಿಲು ತುಳಿಯಲಿಲ್ಲ. ಅರ್ಚಕರ ಮಗಳ ದಾಖಲೆ ತಿದ್ದಿಸಲು ಕಚೇರಿಯಿಂದ ಕಚೇರಿಗೆ ಅಲೆದು ಏಳು ತಿಂಗಳಾಯಿತು; ಅಷ್ಟರಲ್ಲಿ ಆ ವರ್ಷದ ಅರ್ಜಿಯ ಅವಧಿ ಮುಗಿದಿತ್ತು. ಮರುವರ್ಷ ಆಕೆಗೆ ವೇತನ ಬಂತು. ನಡುವಿನ ಒಂದು ವರ್ಷದ ಶುಲ್ಕವನ್ನು ಕೆಲವು ಶ್ರಾವಕರು ಸೇರಿ ಕಟ್ಟಿದರು. ಅವರಲ್ಲಿ ಮುನಿದು ಹೋಗಿದ್ದ ಆ ಬಂಧುಗಳೂ ಒಬ್ಬರೆಂಬುದು ನನಗೆ ತಿಳಿದದ್ದು ಆಮೇಲೆ.