ಶಿಫಾರಸಿನ ಬಲ: ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಚರಿತ್ರೆಯ ಒಂದು ಎಳೆ

ಭಾರತದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಹುಟ್ಟಿದ್ದು 1993ರ ಸೆಪ್ಟೆಂಬರ್ 28ರಂದು ರಾಷ್ಟ್ರಪತಿಗಳು ಹೊರಡಿಸಿದ ಸುಗ್ರೀವಾಜ್ಞೆಯ ಮೂಲಕ. ಪಂಜಾಬ್ ಮತ್ತು ಕಾಶ್ಮೀರಗಳಲ್ಲಿ ಭದ್ರತಾ ಪಡೆಗಳ ವಿರುದ್ಧ ಕೇಳಿಬರುತ್ತಿದ್ದ ಆರೋಪಗಳಿಗೆ ಕೇಂದ್ರ ಸರ್ಕಾರವು ಅಂತಾರಾಷ್ಟ್ರೀಯ ವೇದಿಕೆಗಳಲ್ಲಿ ಉತ್ತರ ಹೇಳಬೇಕಾಗಿ ಬಂದಿದ್ದ ಕಾಲವದು. ಆದ್ದರಿಂದ ಹೊಸ ಸಂಸ್ಥೆಯು ಸರ್ಕಾರದ ಗುರಾಣಿಯಾದೀತೇ ಹೊರತು ಪ್ರಜೆಯ ಆಸರೆಯಾಗಲಾರದೆಂಬ ಅನುಮಾನ ಆರಂಭದಲ್ಲಿಯೇ ಇತ್ತು, ಮತ್ತು ಆ ಅನುಮಾನಕ್ಕೆ ಆಧಾರವೂ ಇತ್ತು. ಅಕ್ಟೋಬರ್ 12ರಂದು ನಿವೃತ್ತ ಮುಖ್ಯ ನ್ಯಾಯಮೂರ್ತಿ ರಂಗನಾಥ ಮಿಶ್ರ ಅವರ ಅಧ್ಯಕ್ಷತೆಯಲ್ಲಿ ಆಯೋಗವು ರಚನೆಯಾಯಿತು. 1994ರ ಜನವರಿಯಲ್ಲಿ ಸುಗ್ರೀವಾಜ್ಞೆಯ ಸ್ಥಾನದಲ್ಲಿ ಮಾನವ ಹಕ್ಕುಗಳ ಸಂರಕ್ಷಣಾ ಅಧಿನಿಯಮವು ಬಂದಿತು.

ಇಂಥ ಸಂಸ್ಥೆ ಹೇಗಿರಬೇಕೆಂಬ ಅಳತೆಗೋಲು ಅದೇ ಹೊತ್ತಿಗೆ ಸಿದ್ಧವಾಗುತ್ತಿತ್ತು. 1991ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ್ದ ಸಭೆಯು ರೂಪಿಸಿದ ಮತ್ತು ವಿಶ್ವಸಂಸ್ಥೆಯ ಮಹಾಸಭೆಯು 1993ರ ಡಿಸೆಂಬರ್ 20ರಂದು ಅಂಗೀಕರಿಸಿದ 'ಪ್ಯಾರಿಸ್ ತತ್ತ್ವಗಳು' ಎಂಬ ನಿಯಮಾವಳಿಯ ಪ್ರಕಾರ, ರಾಷ್ಟ್ರೀಯ ಮಾನವ ಹಕ್ಕು ಸಂಸ್ಥೆಯು ಕಾನೂನಿನಿಂದಲೇ ಸ್ಥಾಪಿತವಾಗಿರಬೇಕು, ಅದರ ಸದಸ್ಯತ್ವದಲ್ಲಿ ಸಮಾಜದ ಬಹುವಿಧದ ವರ್ಗಗಳಿಗೆ ಸ್ಥಾನವಿರಬೇಕು, ಅದಕ್ಕೆ ತನ್ನದೇ ಸಿಬ್ಬಂದಿಯೂ ಸರ್ಕಾರದ ಹತೋಟಿಗೆ ಸಿಲುಕದಷ್ಟು ಹಣವೂ ಇರಬೇಕು. ಭಾರತದ ಅಧಿನಿಯಮವು ಇವುಗಳಲ್ಲಿ ಮೊದಲನೆಯದನ್ನು ಪೂರೈಸಿತು. ಉಳಿದವುಗಳ ಮಾತು ಬೇರೆ.

ಅಧಿನಿಯಮದ ಮೂರು ಪ್ರಕರಣಗಳನ್ನು ಒಟ್ಟಿಗೆ ಓದಿದರೆ ಆಯೋಗದ ಇಕ್ಕಟ್ಟು ಸ್ಪಷ್ಟವಾಗುತ್ತದೆ. ಸಾಕ್ಷಿಗಳನ್ನು ಕರೆಸಲು, ದಾಖಲೆಗಳನ್ನು ತರಿಸಲು ಅದಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರಗಳಿದ್ದರೂ, ವಿಚಾರಣೆಯ ಕೊನೆಯಲ್ಲಿ 18ನೇ ಪ್ರಕರಣದಂತೆ ಅದು ಪರಿಹಾರವನ್ನಾಗಲಿ ಮೊಕದ್ದಮೆಯನ್ನಾಗಲಿ ಶಿಫಾರಸು ಮಾಡಬಹುದೇ ಹೊರತು ಆಜ್ಞಾಪಿಸುವಂತಿಲ್ಲ. 19ನೇ ಪ್ರಕರಣದಂತೆ ಸಶಸ್ತ್ರ ಪಡೆಗಳ ಮೇಲಿನ ದೂರುಗಳಲ್ಲಿ ಕೇಂದ್ರ ಸರ್ಕಾರದಿಂದ ವರದಿಯನ್ನು ಕೇಳಿ ಪಡೆದು, ಬೇಕೆನಿಸಿದರೆ ಶಿಫಾರಸು ಮಾಡುವುದಷ್ಟೇ ಅದರ ಪಾಲಿನ ಕೆಲಸ. ಘಟನೆ ನಡೆದು ಒಂದು ವರ್ಷ ಕಳೆದರೆ 36ನೇ ಪ್ರಕರಣವು ವಿಚಾರಣೆಯ ಬಾಗಿಲನ್ನೇ ಮುಚ್ಚುತ್ತದೆ. ಆಜ್ಞೆಯ ಬಲವಿಲ್ಲದ ಸಂಸ್ಥೆಯು ಬಹಿರಂಗವಾಗಿ ಕೇಳುವ, ಉತ್ತರವನ್ನು ದಾಖಲಿಸುವ ಮತ್ತು ಅಗತ್ಯ ಬಿದ್ದಾಗ ನ್ಯಾಯಾಲಯಗಳ ಮೊರೆಹೋಗುವ ದಾರಿಗಳನ್ನಷ್ಟೇ ನೆಚ್ಚಿಕೊಳ್ಳಬೇಕಾಗಿತ್ತು.

ಆರಂಭದ ವರ್ಷಗಳಲ್ಲಿ ಆಯೋಗವು ಈ ದಾರಿಗಳನ್ನು ದಿಟ್ಟತನದಿಂದಲೇ ತುಳಿಯಿತೆಂಬುದನ್ನು ಒಪ್ಪಬೇಕು. ಪೊಲೀಸ್ ವಶದಲ್ಲಿ ಸಂಭವಿಸುವ ಪ್ರತಿಯೊಂದು ಸಾವು ಅಥವಾ ಅತ್ಯಾಚಾರವನ್ನು 24 ಗಂಟೆಗಳೊಳಗೆ ತನಗೆ ತಿಳಿಸಬೇಕೆಂದು ಅದು 1993ರ ಡಿಸೆಂಬರ್ 14ರಂದು ರಾಜ್ಯಗಳಿಗೆ ಸೂಚಿಸಿತು. ಅಲ್ಲಿಯವರೆಗೆ ಠಾಣೆಯ ಗೋಡೆಗಳ ನಡುವೆಯೇ ಮುಗಿದುಹೋಗಬಹುದಾಗಿದ್ದ ಲಾಕಪ್ ಸಾವುಗಳಿಗೆ ದೆಹಲಿಯಲ್ಲೊಂದು ಲೆಕ್ಕದ ಪುಸ್ತಕ ತೆರೆದಂತಾಯಿತು. ಪೊಲೀಸ್ ವರಿಷ್ಠಾಧಿಕಾರಿಯ ದರ್ಜೆಯ ಅಧಿಕಾರಿಯ ಮುಂದೆ ನೀಡಿದ ತಪ್ಪೊಪ್ಪಿಗೆಯನ್ನೂ ಸಾಕ್ಷ್ಯವೆಂದು ಒಪ್ಪುತ್ತಿದ್ದ ಭಯೋತ್ಪಾದನಾ ನಿಗ್ರಹ ಕಾಯ್ದೆ 'ಟಾಡಾ'ದ ಅವಧಿಯನ್ನು ಮತ್ತೆ ವಿಸ್ತರಿಸಬಾರದೆಂದು ನ್ಯಾಯಮೂರ್ತಿ ಮಿಶ್ರ ಅವರು 1995ರ ಫೆಬ್ರವರಿಯಲ್ಲಿ ಸಂಸತ್ತಿನ ಸದಸ್ಯರಿಗೆ ಪತ್ರ ಬರೆದರು. ಅದೇ ವರ್ಷದ ಮೇ ತಿಂಗಳಲ್ಲಿ ಕಾಯ್ದೆಯು ಅವಧಿ ಮುಗಿದು ರದ್ದಾಯಿತು. ಅದಕ್ಕೆ ಆ ಪತ್ರವೊಂದೇ ಕಾರಣವಲ್ಲವಾದರೂ, ಸರ್ಕಾರವೇ ನೇಮಿಸಿದ ಸಂಸ್ಥೆಯೊಂದು ಸರ್ಕಾರದ ಕಾನೂನಿನ ವಿರುದ್ಧ ಹೀಗೆ ಬಹಿರಂಗವಾಗಿ ನಿಂತದ್ದು ಸಣ್ಣ ಸಂಗತಿಯಲ್ಲ.

ಆಯೋಗದ ಸಾಮರ್ಥ್ಯ ಮತ್ತು ಅಂಜಿಕೆ ಎರಡೂ ಒಟ್ಟಿಗೆ ಕಾಣಸಿಗುವುದು ಪಂಜಾಬಿನ ಶವದಹನ ಪ್ರಕರಣದಲ್ಲಿ. ಅಮೃತಸರ ಜಿಲ್ಲೆಯ ಸ್ಮಶಾನಗಳಲ್ಲಿ ಪೊಲೀಸರು ವಾರಸುದಾರರಿಲ್ಲವೆಂದು ಹೇಳಿ ಸುಟ್ಟ ಶವಗಳ ವಿವರಗಳನ್ನು ಪುರಸಭೆಗಳ ಸೌದೆ ಲೆಕ್ಕದ ದಾಖಲೆಗಳಿಂದ ಹೆಕ್ಕಿ ತೆಗೆದ ಮಾನವ ಹಕ್ಕು ಹೋರಾಟಗಾರ ಜಸ್ವಂತ್ ಸಿಂಗ್ ಖಾಲ್ರಾ ಅವರನ್ನು 1995ರ ಸೆಪ್ಟೆಂಬರಿನಲ್ಲಿ ಅಪಹರಿಸಲಾಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ ತನಿಖೆ ನಡೆಸಿದ ಸಿಬಿಐ, ಮೂರು ಸ್ಮಶಾನಗಳಲ್ಲಿ 2,097 ಶವಗಳು ದಹನವಾಗಿದ್ದವೆಂದೂ, ಅವುಗಳಲ್ಲಿ 585ನ್ನು ಮಾತ್ರ ಪೂರ್ಣವಾಗಿ ಗುರುತಿಸಲಾಗಿದೆಯೆಂದೂ ವರದಿ ಮಾಡಿತು. 1996ರ ಡಿಸೆಂಬರಿನಲ್ಲಿ ನ್ಯಾಯಾಲಯವು ಉಳಿದ ಪ್ರಶ್ನೆಗಳನ್ನು ಆಯೋಗಕ್ಕೆ ಒಪ್ಪಿಸಿತು. ಆಗ ಆಯೋಗದ ಅಧ್ಯಕ್ಷರಾಗಿದ್ದವರು ಬೆಂಗಳೂರಿನವರಾದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. ಒಂದು ವರ್ಷದ ಮಿತಿಯನ್ನು ಕೇಂದ್ರವು ಮುಂದಿಟ್ಟು ಆಕ್ಷೇಪಿಸಿದಾಗ, ಇಲ್ಲಿ ತನ್ನ ಅಧಿಕಾರವು ಅಧಿನಿಯಮದಿಂದಲ್ಲ, ಸುಪ್ರೀಂ ಕೋರ್ಟಿನ ಆದೇಶದಿಂದಲೇ ಬಂದಿದೆಯೆಂದು ಆಯೋಗವು ನಿಲುವು ತಳೆಯಿತು, ಮತ್ತು 1998ರಲ್ಲಿ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಆದರೆ ಇಷ್ಟು ದೊಡ್ಡ ಅಧಿಕಾರವನ್ನು ಗೆದ್ದುಕೊಂಡ ಆಯೋಗವು ಮರುವರ್ಷವೇ ವಿಚಾರಣೆಯನ್ನು ಆ ಮೂರು ಸ್ಮಶಾನಗಳಿಗೆ ಸೀಮಿತಗೊಳಿಸಿತು. ಕೊಂದವರು ಯಾರೆಂಬ ಪ್ರಶ್ನೆಯನ್ನು ಬದಿಗಿಟ್ಟು ಪರಿಹಾರಧನದ ಕಡೆಗೆ ಹೊರಳಿ, 2004ರಲ್ಲಿ 109 ಕುಟುಂಬಗಳಿಗೆ ತಲಾ 2.5 ಲಕ್ಷ ರೂಪಾಯಿಗಳನ್ನೂ, 2006ರಲ್ಲಿ 1,051 ಕುಟುಂಬಗಳಿಗೆ ತಲಾ 1.75 ಲಕ್ಷ ರೂಪಾಯಿಗಳನ್ನೂ ನಿಗದಿಪಡಿಸಿತು. ಮಗ ಹೇಗೆ ಸತ್ತನೆಂಬ ಉತ್ತರಕ್ಕಾಗಿ ವರ್ಷಗಟ್ಟಲೆ ಕಾದಿದ್ದ ತಾಯಂದಿರಿಗೆ ಈ ಮೊತ್ತವು ಉತ್ತರವಾಗಿರಲಿಲ್ಲ.

ಕನ್ನಡ ನಾಡಿಗೆ ಆಯೋಗವು ತೀರ ಹತ್ತಿರವಾದದ್ದು ಮಲೆಮಹದೇಶ್ವರ ಬೆಟ್ಟದ ಸೀಮೆಯಲ್ಲಿ. ಕಾಡುಗಳ್ಳ ವೀರಪ್ಪನ್‌ನ ಬೇಟೆಗಾಗಿ ಕರ್ನಾಟಕ ಮತ್ತು ತಮಿಳುನಾಡುಗಳು ನಿಯೋಜಿಸಿದ್ದ ಜಂಟಿ ವಿಶೇಷ ಕಾರ್ಯಪಡೆಯು ಗಡಿಯ ಹಳ್ಳಿಗಳ ಜನರನ್ನು ಅಕ್ರಮವಾಗಿ ಬಂಧನದಲ್ಲಿಟ್ಟು ಚಿತ್ರಹಿಂಸೆ ನೀಡಿತೆಂಬ ದೂರುಗಳ ಮೇಲೆ ಆಯೋಗವು 1999ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿತು. ಅಕ್ಷರ ಬಾರದ, ವಕೀಲರನ್ನು ಕಂಡರಿಯದ ಕಾಡಂಚಿನ ಜನರು ತಮ್ಮ ಮೇಲೆ ನಡೆದದ್ದನ್ನು ನ್ಯಾಯಮೂರ್ತಿಯೊಬ್ಬರ ಮುಂದೆ ತಮ್ಮ ನುಡಿಯಲ್ಲಿ ಹೇಳಿ ದಾಖಲಿಸುವಂತಾದದ್ದೇ ಆ ಸಮಿತಿಯ ದೊಡ್ಡ ಸಾಧನೆ. ಸಮಿತಿಯ ವರದಿಯು 2003ರ ಕೊನೆಯಲ್ಲಿ ಸಲ್ಲಿಕೆಯಾಯಿತು. ಅದನ್ನು ಆಧರಿಸಿ ಆಯೋಗವು 89 ಸಂತ್ರಸ್ತರಿಗೆ ಒಟ್ಟು 2.80 ಕೋಟಿ ರೂಪಾಯಿಗಳ ಮಧ್ಯಂತರ ಪರಿಹಾರವನ್ನು ಶಿಫಾರಸು ಮಾಡುವಷ್ಟರಲ್ಲಿ 2007 ಬಂದಿತ್ತು. ಅದೇ ವರ್ಷ ನ್ಯಾಯಮೂರ್ತಿ ಎಸ್.ಆರ್. ನಾಯಕ್ ಅವರ ಅಧ್ಯಕ್ಷತೆಯಲ್ಲಿ ಕರ್ನಾಟಕದ ರಾಜ್ಯ ಆಯೋಗವೂ ಕೆಲಸ ಆರಂಭಿಸಿತು.

ಹೀಗೆ ಶಿಫಾರಸಿನ ಬಲವು ಅದನ್ನು ಬಳಸುವವರ ನಿಷ್ಠುರತೆಯನ್ನು ಅವಲಂಬಿಸಿತ್ತು. 2003ರಲ್ಲಿ ಗುಜರಾತಿನ ಕೋಮುಗಲಭೆಯಲ್ಲಿ ನಡೆದ ಬೆಸ್ಟ್ ಬೇಕರಿ ಹತ್ಯಾಕಾಂಡದ ಮೊಕದ್ದಮೆಯ ಆರೋಪಿಗಳೆಲ್ಲ ಖುಲಾಸೆಯಾದಾಗ ಆಯೋಗವೇ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ್ದು ಅಂಥ ನಿಷ್ಠುರತೆಯ ಫಲ. ಆದರೆ ಮಣಿಪುರದ ಎನ್‌ಕೌಂಟರ್ ಸಾವುಗಳ ಪ್ರಕರಣದಲ್ಲಿ ಆಯೋಗವು ತನ್ನ ಕೊರತೆಗಳನ್ನು ನಿವೇದಿಸಿಕೊಂಡಾಗ, ಅದು ಹಲ್ಲಿಲ್ಲದ ಹುಲಿಯ ಸ್ಥಿತಿಗೆ ಇಳಿದಿದೆಯೆಂದು ಅದೇ ನ್ಯಾಯಾಲಯವು 2016ರಲ್ಲಿ ವಿಷಾದಿಸಬೇಕಾಯಿತು. 2019ರ ತಿದ್ದುಪಡಿಯು ಅಧ್ಯಕ್ಷರ ಅವಧಿಯನ್ನು ಐದು ವರ್ಷಗಳಿಂದ ಮೂರಕ್ಕೆ ಇಳಿಸಿತು, ಮಹಿಳಾ ಸದಸ್ಯರೊಬ್ಬರು ಇರಲೇಬೇಕೆಂದು ವಿಧಿಸಿತು. ಶಿಫಾರಸುಗಳಿಗೆ ಕಡ್ಡಾಯದ ಸ್ವರೂಪವನ್ನು ಕೊಡಲಿಲ್ಲ, ತನಿಖಾ ಸಿಬ್ಬಂದಿಯ ವ್ಯವಸ್ಥೆಯನ್ನು ಮುಟ್ಟಲೇ ಇಲ್ಲ. ಪೊಲೀಸರ ಮೇಲಿನ ದೂರನ್ನು ಪೊಲೀಸ್ ಇಲಾಖೆಯಿಂದ ನಿಯೋಜನೆಯ ಮೇಲೆ ಬಂದ ಅಧಿಕಾರಿಗಳೇ ತನಿಖೆ ಮಾಡುವ, ಮತ್ತು ಆಯೋಗದ ಮಹಾಕಾರ್ಯದರ್ಶಿಯನ್ನು ಸರ್ಕಾರವೇ ಒದಗಿಸುವ ಪದ್ಧತಿಯು ಮುಂದುವರಿಯಿತು. ಪ್ಯಾರಿಸ್ ತತ್ತ್ವಗಳ ಆಧಾರದ ಮೇಲೆ ಇಂಥ ಸಂಸ್ಥೆಗಳಿಗೆ ಮಾನ್ಯತೆ ನೀಡುವ ಜಾಗತಿಕ ಒಕ್ಕೂಟವು 2023ರಲ್ಲಿಯೂ 2024ರಲ್ಲಿಯೂ ಭಾರತದ ಆಯೋಗದ ಮಾನ್ಯತೆಯ ನವೀಕರಣವನ್ನು ಮುಂದೂಡಿದಾಗ ಎತ್ತಿದ ಆಕ್ಷೇಪಗಳಲ್ಲಿ ಇವೆರಡೂ ಸೇರಿದ್ದವು.